ಕೋಡಿ ಬಿದ್ದರೆ ಕಡಬು

ನಮ್ಮ ಮನೆಯಲ್ಲಿ ಕಡಬು ಮಾಡಲು ಪಂಚಾಂಗ ನೋಡುತ್ತಿರಲಿಲ್ಲ, ಕೆರೆ ನೋಡುತ್ತಿದ್ದರು. ಕೆರೆ ತುಂಬಿ ಹೆಚ್ಚಿನ ನೀರು ಕೋಡಿಯ ಕಲ್ಲು ದಾಟಿತೆಂದರೆ ಅಜ್ಜಿ ಅಂದೇ ಹೂರಣಕ್ಕೆ ಕಡಲೆಬೇಳೆ ಒಲೆಗೇರಿಸುವಳು. ಹೊಟ್ಟೆಬಾಕಿಯಾದ ನಾನು ಮಳೆಗಾಲವಿಡೀ ಕೆರೆ ಏರಿ ಹತ್ತಿ ಇಣುಕುತ್ತಿದ್ದೆ.

ಮುಂಡರಗಿಯ ಕಡೆ, ಕಪ್ಪತಗುಡ್ಡದ ಬುಡದಲ್ಲಿ ನಮ್ಮೂರು. ಬಾವಿ ನೀರೆಲ್ಲ ಸವಳು, ಅದರಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ. ಅಡುಗೆಗೆ ಕೆರೆಯೊಂದೇ ಗತಿ. ಮೇಲಿನ ಇಳಿಜಾರಿನಲ್ಲಿ ಊರ ದನ ಮೇಯುವ ಗಾಯರಾಣವಿತ್ತು. ಅಲ್ಲಿ ಬಿದ್ದ ಮಳೆ ಹಳ್ಳದಲ್ಲಿ ಹರಿದು ಕೆರೆ ಸೇರುತ್ತಿತ್ತು. ಬೇರೆಯವರಿಗೆ ಹಳ್ಳ ಹಿಡಿಯಿತೆಂದರೆ ಕೆಟ್ಟುಹೋಯಿತೆಂದು ಅರ್ಥ. ನಮಗೆ ಮಳೆ ಹಳ್ಳ ಹಿಡಿದರೇ ಬದುಕು.

ಸ್ವಾತಂತ್ರ್ಯ ಬಂದ ಮೇಲೆ ಆ ಗಾಯರಾಣ ಸಾಗುವಳಿಗೆ ಬಿತ್ತು. ಅಪ್ಪನಿಗೂ ಒಂದು ತುಂಡು ಸಿಕ್ಕಿತು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಲ್ಲು ಕಿತ್ತು ಶೇಂಗಾ, ಜೋಳ ಬಿತ್ತಿದ. ಮಣ್ಣು ಕೊಚ್ಚಿಹೋಗಬಾರದೆಂದು ಎತ್ತರದ ಒಡ್ಡು ಹಾಕಿದ. ಅವನನ್ನು ನೋಡಿ ಉಳಿದವರೂ ಹಾಕಿದರು. ಯಾರ ಹೊಲದ ನೀರು ಅವರ ಹೊಲದಲ್ಲೇ ನಿಂತಿತು. ಕೆರೆ ತಳ ಕಂಡಾಗ ಊರೆಲ್ಲ ಮಳೆಯನ್ನೇ ಬೈಯಿತು.

ಮುಂದಿನ ಹಿಂಗಾರಿ ಮಳೆ ಚೆನ್ನಾಗಿಯೇ ಹೊಡೆಯಿತು. ಅಪ್ಪ ತೊಯ್ದು ತೊಪ್ಪೆಯಾಗಿ ಬಂದು, ನಮ್ಮ ಹೊಲವೇ ಕೆರೆಯಂತೆ ತುಂಬಿ ನಿಂತಿದೆ, ಕಡಬು ಆಗಲಿ ಎಂದ. ಅಜ್ಜಿ ಬಾವಿ ನೀರಲ್ಲಿ ಬೇಳೆ ಇಟ್ಟಳು. ಕೆರೆಯಲ್ಲಿದ್ದದ್ದು ಬರೀ ರಾಡಿ. ಸಂಜೆಯವರೆಗೂ ಕಟ್ಟಿಗೆ ಉರಿಯಿತು. ಆ ಬೇಳೆಯನ್ನೇ ಅರೆದು ಹೂರಣ ಮಾಡಿ ಕಡಬು ಬಡಿಸಿದಳು. ಬಾಯಿಗಿಟ್ಟರೆ ಮರಳು ಅಗಿದಂತೆ.

"ಬ್ಯಾಳಿ ಬೆಂದಿಲ್ಲಬೇ ಯವ್ವಾ," ಎಂದ ಅಪ್ಪ.

"ಬೇಯಿಸೋ ನೀರು ನಿನ್ನ ಹೊಲದಾಗ ನಿಂತೈತಿ," ಎಂದಳು ಅಜ್ಜಿ.

ಅಪ್ಪ ತಲೆ ಎತ್ತದೆ ಉಂಡ. ಕಡಬು ಕೆಡಿಸಿದಳೆಂದು ನನಗೆ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟು.

ಸುಗ್ಗಿ ಮುಗಿದ ಮೇಲೆ ಅಪ್ಪ ತನ್ನ ಒಡ್ಡಿಗೆ ತಗ್ಗಾದ ಬಾಯಿ ತೆಗೆದು ಕಲ್ಲು ಹೊಂದಿಸಿದ. ಹೊಲಕ್ಕೆ ಸಾಕಾದ ನೀರು ನಿಂತು, ಮಿಕ್ಕಿದ್ದು ಹಳ್ಳಕ್ಕೆ ಹೋಗಬೇಕು. ಇದನ್ನೇ ಉಳಿದವರಿಗೂ ಹೇಳುತ್ತ ಅಲೆದ. ಒಡ್ಡು ಹಾಕಲು ಕಲಿಸಿದವನೇ ಈಗ ಒಡೆಯಲು ಹೇಳುತ್ತಾನೆಂದು ನಕ್ಕರು. ಮನೆಗೆ ಬಂದು ಉಣ್ಣದೆ ಮಲಗುವ ಅವನನ್ನು ಕಂಡು ನನಗೆ ಅಳು ಬರುತ್ತಿತ್ತು. ಆದರೂ ಅಪ್ಪ ಅವರ ಬೆನ್ನು ಬಿಡಲಿಲ್ಲ. ಅವರ ಮನೆಗಳಲ್ಲೂ ಬೇಳೆ ಬೇಯುತ್ತಿರಲಿಲ್ಲವಲ್ಲ, ಕೊನೆಗೆ ಅರ್ಧದಷ್ಟು ಜನ ಒಪ್ಪಿದರು.

ಕರ್ನಾಟಕ ಒಂದಾದ ವರ್ಷ ಹಳ್ಳ ಮತ್ತೆ ಹರಿಯಿತು. ಕೆರೆ ತುಂಬಲಿಲ್ಲ, ಆದರೆ ಕೊಡ ತುಂಬುವ ಮೆಟ್ಟಿಲಿನವರೆಗೆ ನೀರು ಬಂತು. ಏಕೀಕರಣದ ಸಂಭ್ರಮ ನೋಡಲು ಮುಂಡರಗಿಗೆ ಹೋಗಿದ್ದ ಅಪ್ಪ ಪೇಡೆ ತಂದ. ಅಜ್ಜಿ ಪೊಟ್ಟಣ ಪಕ್ಕಕ್ಕಿಟ್ಟು ಒಲೆಯ ಗಡಿಗೆಯಿಂದ ಒಂದು ಬೇಳೆ ತೆಗೆದಳು. ಬೆರಳಲ್ಲಿ ಒತ್ತಿದಳು, ನುಣ್ಣಗಾಯಿತು. ಅದನ್ನು ಅಪ್ಪನ ಅಂಗೈಗೆ ಒರೆಸಿದಳು.

ಹಾಗಾದರೆ ಕಡಬು ಎಂದು ನಾನು ಕುಣಿದೆ.

"ಕೋಡಿ ಬಿದ್ದಿಲ್ಲ, ಕಡಬಿಲ್ಲ. ಬ್ಯಾಳಿ ಉಣ್ಣು," ಎಂದಳು.

ಅಪ್ಪ ಪೇಡೆ ಮುಟ್ಟಲಿಲ್ಲ. ರೊಟ್ಟಿ ಮುರಿದು, ಮತ್ತೆ ಮತ್ತೆ ಬೇಳೆ ಹಾಕಿಸಿಕೊಂಡು ಉಂಡ.