ಅಳುಬುರುಕ ಯಾರು

ಆರ್ಡಿತ್‌ಗೆ ಈ ಜಗತ್ತಿನಲ್ಲಿ ಸಹಿಸಲಾಗದ ಮನುಷ್ಯರೇ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಶಾಲೆಯ ಬಸ್ಸು ಓಡಿಸಿಯೇ ತಲೆ ನರೆಸಿಕೊಂಡ ಹೆಂಗಸು ಆರ್ಡಿತ್. ಹಿಂದಿನ ಸೀಟಿನಲ್ಲಿ ಜುಟ್ಟು ಹಿಡಿದು ಹೊಡೆದಾಡುವವರು, ಮುಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುವವರು, ಜೇಬಿನಲ್ಲಿ ಕಪ್ಪೆ ತಂದು ಬಿಡುವವರು, ಎಲ್ಲರನ್ನೂ ಕನ್ನಡಿಯಲ್ಲಿ ಒಂದು ನೋಟ ನೋಡಿಯೇ ಸುಮ್ಮನಾಗಿಸುತ್ತಿದ್ದಳು. ಮಿಶಿಗನ್ನಿನ ಹಿಮದಲ್ಲಿ ಬಸ್ಸು ಜಾರಿ ಚರಂಡಿಗೆ ಇಳಿದ ದಿನವೂ ಅವಳ ಬಾಯಿಂದ ಒಂದು ಬಿರುಸು ಮಾತು ಬರಲಿಲ್ಲವಂತೆ. ಅಂಥವಳಿಗೂ ಗಂಡನ ಅಕ್ಕ ಲೆನೋರ್ ಎದುರಿಗೆ ಬಂದಳೆಂದರೆ ದವಡೆ ತಾನಾಗಿ ಬಿಗಿದುಕೊಳ್ಳುತ್ತಿತ್ತು.

ಗಂಡ ಹೆಂಕ್ ತೀರಿಕೊಂಡು ವರ್ಷಗಳಾಗಿದ್ದವು. ಗಂಡ ಹೋದ, ಗಂಡನ ಅಕ್ಕ ಉಳಿದಳು. ಉಳಿಯಲು ಕಾರಣ ಕುದುರೆಗಳು. ಆರ್ಡಿತ್‌ಳದು ಕಂದು ಬಣ್ಣದ ಬಾರ್ನಿ, ಬೀಜ ಒಡೆಸಿದ ಗಂಡು. ಲೆನೋರಳದು ಟುಲಿಪ್ ಎಂಬ ಬೂದು ಬಣ್ಣದ ಹೆಣ್ಣು. ಲೆನೋರಳ ಮನೆಯ ಹಿಂದೆ ಹುಲ್ಲುಗಾವಲು ಇರಲಿಲ್ಲವಾದ್ದರಿಂದ ಟುಲಿಪ್‌ಳನ್ನು ಆರ್ಡಿತ್‌ಳ ಮನೆಯ ಹಿಂದೆ ತಂದು ಬಿಟ್ಟಿದ್ದಳು. ಎರಡೂ ಒಂದೇ ಬಯಲಿನಲ್ಲಿ ಮೇದು, ಒಂದರ ಬೆನ್ನು ಇನ್ನೊಂದು ಕೆರೆದು, ಕಡೆಗೆ ಬಿಟ್ಟಿರಲಾರದ ಹಾಗೆ ಆಗಿಹೋದವು. ಒಂದನ್ನು ಕೊಟ್ಟಿಗೆಯಿಂದ ಆಚೆ ಕರೆದುಕೊಂಡು ಹೋದರೆ ಸಾಕು, ಒಳಗಿದ್ದದ್ದೂ ಹೊರಗಿದ್ದದ್ದೂ ಸೇರಿ ಕಿವಿ ತೂತಾಗುವ ಹಾಗೆ ಕೆನೆಯುತ್ತಿದ್ದವು.

ಇದರಿಂದ ಏನಾಯಿತೆಂದರೆ, ಬಾರ್ನಿ ಎಲ್ಲಿಗೆ ಹೋದರೂ ಟುಲಿಪ್ ಹೋಗಬೇಕು. ಟುಲಿಪ್ ಹೋದಲ್ಲಿಗೆ ಲೆನೋರ್ ಹೋಗಬೇಕು. ಲೆನೋರ್ ಹೋದಲ್ಲಿಗೆ ಅವಳ ದಿಂಬುಗಳು, ಕಾಫಿ ಯಂತ್ರ, ಅದನ್ನು ನಡೆಸಲು ದಡದಡ ಅನ್ನುವ ಜನರೇಟರು, ಕೈ ಇಟ್ಟುಕೊಳ್ಳಲು ಆಸರೆ ಇರುವ ಮಡಚುವ ಕುರ್ಚಿ, ಎಲ್ಲಕ್ಕಿಂತ ಮೊದಲು ಅವಳ ಬಾಯಿ.

ಬೇಸಿಗೆ ಮುಗಿದು ಸೊಳ್ಳೆ ಸತ್ತ ಮೇಲೆ, ಉತ್ತರದ ಪೈನ್ ಕಾಡಿನಲ್ಲಿ ಕುದುರೆಯವರಿಗೆಂದೇ ಬಿಟ್ಟಿರುವ ಬಿಡಾರಕ್ಕೆ ಹೋಗುವುದು ಆರ್ಡಿತ್‌ಳ ವರ್ಷದ ಒಂದೇ ಹಬ್ಬ. ಕೈಪಂಪಿನ ನೀರು, ಬೆಂಕಿ ಹಾಕಲು ನೆಲದಲ್ಲಿ ಹೂತ ಕಬ್ಬಿಣದ ಬಳೆ, ಕುದುರೆ ಕಟ್ಟಲು ಎತ್ತರದ ಮರಗಳು, ಅಷ್ಟೇ. ಅಲ್ಲಿಂದ ಹೊಳೆಯವರೆಗೆ ಮರಳಿನ ದಾರಿ. ಆ ದಾರಿಯಲ್ಲಿ ಒಂದು ಸಲ, ಒಂದೇ ಒಂದು ಸಲ, ಹಿಂದಿನಿಂದ ಯಾರೂ ಮಾತಾಡದೆ ಹೋಗಬೇಕೆಂಬುದು ಅವಳ ಆಸೆ.

ಆ ವರ್ಷವೂ ಬಂದು ಇಳಿಯುವುದಕ್ಕೆ ಮೊದಲೇ ಶುರುವಾಯಿತು. ಆರ್ಡಿತ್ ಕುದುರೆಗಳ ಟ್ರೇಲರನ್ನು ಹಿಮ್ಮುಖವಾಗಿ ಜಾಗಕ್ಕೆ ಬಿಡುತ್ತಿದ್ದಳು. ಲೆನೋರ್ ಕೆಳಗಿಳಿದು ಎರಡೂ ಕೈ ಬೀಸತೊಡಗಿದಳು.

"ಎಡಕ್ಕೆ, ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲ ಕಣೆ, ನನ್ನ ಎಡ!"

"ಲೆನೋರ್, ಇದಕ್ಕಿಂತ ದೊಡ್ಡ ಬಸ್ಸು ಓಡಿಸಿದೀನಿ."

"ಬಸ್ಸಲ್ಲಿ ಮಕ್ಕಳಿದ್ದರು. ಇದರಲ್ಲಿ ಟುಲಿಪ್ ಇದಾಳೆ."

ಆರ್ಡಿತ್ ಕಿಟಕಿಯ ಗಾಜು ಏರಿಸಿಕೊಂಡಳು.

ಎರಡು ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ನಡುವೆ ತಲೆಗಿಂತ ಎತ್ತರಕ್ಕೆ ಹಗ್ಗ ಬಿಗಿದು, ಕುದುರೆಗಳನ್ನು ಕಟ್ಟಿ, ನೀರು ಹೊತ್ತು, ಹುಲ್ಲು ಹಾಕಿ, ಲದ್ದಿ ಬಾಚಿ ಹಾಕಿದ್ದೂ ಆರ್ಡಿತ್‌ಳೇ. ಆ ವರ್ಷ ಲೆನೋರಳ ಮಂಡಿ ಕೆಟ್ಟಿತ್ತು. ಕುದುರೆ ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. ಅವಳು ಕುರ್ಚಿ ಬಿಚ್ಚಿ ಕೂತು ಹಗ್ಗ ಎಲ್ಲಿ ಸಡಿಲವಾಗಿದೆ ಎಂದು ತೋರಿಸಿಕೊಡುತ್ತಿದ್ದಳು. ಕೆಲಸ ಮುಗಿದು ಆರ್ಡಿತ್ ಒಂದು ಲೋಟ ಕಾಫಿ ಹಿಡಿದು ಕೂತದ್ದೇ ತಡ, ಲೆನೋರ್ ಸುದ್ದಿ ಬಿಚ್ಚಿದಳು.

"ಟುಲಿಪ್‌ನ ಮಾರಿಬಿಡ್ತೀನಿ. ಇಂಡಿಯಾನಾದಿಂದ ಒಬ್ಬ ಶನಿವಾರ ಇಲ್ಲಿಗೇ ಬರ್ತಾನೆ, ನೋಡೋಕೆ."

ಆರ್ಡಿತ್ ಲೋಟ ಕೆಳಗಿಟ್ಟಳು. "ಇದನ್ನ ಮನೇಲಿ ಹೇಳೋಕೆ ಆಗ್ತಿರಲಿಲ್ವಾ?"

"ಮನೇಲಿ ಹೇಳಿದ್ರೆ ನೀನು ನನ್ನ ಕರ್ಕೊಂಡು ಬರ್ತಿದ್ಯಾ?"

"ಸರಿ, ಬಾರ್ನಿ ಗತಿ?"

"ಅವನನ್ನೂ ಮಾರು. ಅವಳಿಲ್ಲದೆ ಅವನು ಒಂದು ಹೊತ್ತೂ ಇರೋನಲ್ಲ. ಹುಲ್ಲು ಮುಟ್ಟಲ್ಲ, ಹೊಟ್ಟೆನೋವು ಬರಿಸ್ಕೊಂಡು ಬಿದ್ಕೊಳ್ತಾನೆ. ಮೊದಲಿಂದ ಹೇಳ್ತಾ ಬಂದಿದೀನಿ, ಅಳುಬುರುಕ ಅಂದ್ರೆ ಅಳುಬುರುಕ."

ಮೊದಲಿನಿಂದ ಹೇಳುತ್ತ ಬಂದದ್ದು ನಿಜ. ಊರಿನ ಕುದುರೆಯವರೆಲ್ಲ ಅದನ್ನೇ ನಂಬಿದ್ದರು. ಆರ್ಡಿತ್ ಕೂಡ ನಂಬಿದ್ದಳು. ಟುಲಿಪ್ ಹೋದರೆ ಲೆನೋರ್ ಬರುವುದಿಲ್ಲ, ಅದು ಸ್ವರ್ಗ. ಆದರೆ ಬಾರ್ನಿ ಒಂಟಿಯಾಗಿ ನಡೆಯದಿದ್ದರೆ ಬಿಡಾರಕ್ಕೆ ಬರುವುದೂ ಇಲ್ಲ, ಹೊಳೆಯ ದಾರಿಯೂ ಇಲ್ಲ. ಹೊಸ ಕುದುರೆ ಕೊಂಡು ಪಳಗಿಸುವ ವಯಸ್ಸು ಅವಳದಲ್ಲ. ಶನಿವಾರದೊಳಗೆ ಬಾರ್ನಿಗೆ ಒಂಟಿ ನಡೆಯುವುದನ್ನು ಕಲಿಸಬೇಕು, ಇಲ್ಲವೇ ಈ ಕಾಡಿಗೆ ಇದೇ ಕೊನೆಯ ನಮಸ್ಕಾರ.

ಮಾರನೆಯ ದಿನ ಜೀನು ಹಾಕಿ ಹೊರಟಳು. ಬಿಡಾರದ ಬಾಯಿಗೆ ಬರುವಷ್ಟರಲ್ಲಿ ಟುಲಿಪ್ ಕೆನೆದಳು, ಬಾರ್ನಿ ಕೆನೆದ. ಅವನು ಗರ್ರನೆ ತಿರುಗಿ ವಾಪಸು ಹೊರಟ. ಆರ್ಡಿತ್ ಲಗಾಮು ಎಳೆದು ಮತ್ತೆ ತಿರುಗಿಸಿದಳು. ಮತ್ತೆ ಅದೇ. ಯಾರು ಮೊದಲು ಕೂಗಿದ್ದು ಯಾರು ಆಮೇಲೆ ಎಂದು ಕೇಳುವ ಸಂಯಮ ಅಲ್ಲಿ ಯಾರಿಗಿತ್ತು? ಇಡೀ ಬಿಡಾರ ಕಾಫಿ ಲೋಟ ಹಿಡಿದು ತಮಾಷೆ ನೋಡಲು ಎದ್ದು ಬಂತು.

ಕುದುರೆಯವರ ನಡುವೆ ಒಂದು ಕುದುರೆ ಹಟ ಮಾಡಿತೆಂದರೆ, ಅಲ್ಲಿರುವ ಪ್ರತಿಯೊಬ್ಬನೂ ಬುದ್ಧಿವಂತನಾಗುತ್ತಾನೆ. ದೊಡ್ಡ ಹ್ಯಾಟಿನವನೊಬ್ಬ ಪೆಪ್ಪರ್‌ಮಿಂಟು ಕೊಡು ಅಂದ. ಪಕ್ಕದ ಬಿಡಾರದ ತೆಳ್ಳನೆ ಹೆಂಗಸು ಮೂಗಿನ ಹೊಳ್ಳೆಗೆ ಲ್ಯಾವೆಂಡರ್ ಎಣ್ಣೆ ಸವರು ಅಂದಳು. ಸುತ್ತು ಹೊಡೆಸು ಅಂದ ಒಬ್ಬ, ಸುತ್ತು ಹೊಡೆಸಲೇಬೇಡ ಅಂದಳು ಅವನ ಹೆಂಡತಿ. ಆಮೇಲೆ ಅವರಿಬ್ಬರದೇ ಜಗಳ ಹತ್ತಿಕೊಂಡಿತು. ಆರ್ಡಿತ್ ಎಲ್ಲರಿಗೂ "ಹೂಂ, ನೋಡೋಣ" ಅಂದಳು. ಬಸ್ಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದದ್ದೂ ಅದನ್ನೇ.

ಇದೆಲ್ಲ ಹೇಗೋ ನುಂಗಬಹುದಿತ್ತು. ಲೆನೋರಳನ್ನು ನುಂಗುವುದು ಹೇಗೆ? ಆರ್ಡಿತ್ ಬೆವರು ಸುರಿಸಿ ಬಾರ್ನಿಯನ್ನು ದಾರಿಯ ತಿರುವಿನವರೆಗೆ ದಬ್ಬಿಕೊಂಡು ಹೋದರೆ, ಹಿಂದೆ ಕುಂಟುತ್ತ ಕುಂಟುತ್ತ ಟುಲಿಪ್‌ಳನ್ನು ಹಿಡಿದುಕೊಂಡು ಅವಳು ಹಾಜರು.

"ನೀನ್ಯಾಕೆ ಬಂದೆ?"

"ಪಾಪ, ಅವನಿಗೆ ಧೈರ್ಯ ಬರಲಿ ಅಂತ."

"ಅವಳಿಲ್ಲದೆ ಇರೋದು ಕಲಿಲಿ ಅಂತ ನಾನು ಸಾಯ್ತಾ ಇದೀನಿ. ಅವಳನ್ನ ಅವನ ಮೂಗಿಗೇ ತಂದು ನಿಲ್ಲಿಸಿದ್ಯಲ್ಲ!"

"ನಿಂಗೆ ಸಹಾಯ ಮಾಡೋದೇ ತಪ್ಪಾಯ್ತು. ಹೆಂಕ್ ಹೇಳ್ತಿದ್ದ, ಆರ್ಡಿತ್‌ಗೆ ಸಹಾಯ ತಗೊಳ್ಳೋಕೆ ಬರಲ್ಲ ಅಂತ."

ಹೆಂಕ್ ಅಂಥದ್ದೇನೂ ಹೇಳಿರಲಿಲ್ಲ. ಅಕ್ಕ ಬರುತ್ತಾಳೆಂದು ಗೊತ್ತಾದರೆ ಅವನೇ ಮೀನು ಹಿಡಿಯುವ ನೆಪ ಹೇಳಿ ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದ. ಆರ್ಡಿತ್ ಕುದುರೆಯಿಂದ ಇಳಿದು ಬಿಡಾರಕ್ಕೆ ನಡೆದಳು.

ಶನಿವಾರ ಬಂದೇಬಂತು. ಬಿಸಿಲೇರುವ ಹೊತ್ತಿಗೆ ಇಂಡಿಯಾನಾದವನು ಬಂದ. ಮೆರ್ಲ್ ಅಂತ, ಗಡ್ಡದ ಮುದುಕ, ಮಾತು ಕಡಿಮೆ. ಟುಲಿಪ್‌ಳ ಕಾಲು ಎತ್ತಿ ಗೊರಸು ನೋಡಿದ, ಬಾಯಿ ತೆರೆಸಿ ಹಲ್ಲು ನೋಡಿದ. ಲೆನೋರ್ ಬೆಳಗ್ಗೆಯೇ ಅವಳ ಕುತ್ತಿಗೆಯ ಕೂದಲಿಗೆ ಜಡೆ ಹೆಣೆದು ಕೆಂಪು ರಿಬ್ಬನ್ನು ಕಟ್ಟಿದ್ದಳು.

"ಮೊಮ್ಮಗಳಿಗೆ ಬೇಕಿತ್ತು. ಸಣ್ಣವಳು, ಈಗಿನ್ನೂ ಕಲೀತಿದಾಳೆ. ಸಾಧು ಕುದುರೆ ಆಗಬೇಕು" ಅಂದ ಮೆರ್ಲ್.

"ಸಾಧು ಅಂದ್ರೆ ಹಸು! ಇವಳ ಬೆನ್ನ ಮೇಲೆ ತೊಟ್ಟಿಲು ಕಟ್ಟಬಹುದು" ಅಂದಳು ಲೆನೋರ್. "ಗಲಾಟೆ ಎಲ್ಲ ನನ್ನ ತಮ್ಮನ ಹೆಂಡತಿ ಕುದುರೆದು."

ಆರ್ಡಿತ್ ಹಲ್ಲು ಕಚ್ಚಿ ಜೀನಿನ ಪಟ್ಟಿ ಬಿಗಿದಳು. ಇದೇ ಕೊನೆಯ ಸಲ. "ಲೆನೋರ್, ಕೈ ಮುಗಿತೀನಿ. ನಾನು ಬರೋವರೆಗೂ ಅವಳನ್ನ ಟ್ರೇಲರ್ ಹಿಂದೆ ಹಿಡ್ಕೊಂಡಿರು. ಹಿಂದೆ ಬರಬೇಡ. ಕೂಗಬೇಡ. ಸಹಾಯ ಮಾಡಬೇಡ."

"ನಾನೇನು ಮಗುನಾ? ಹೋಗು ಹೋಗು."

ಬಾರ್ನಿ ಹಿಂದೆ ನೋಡುತ್ತ, ಅಡ್ಡಡ್ಡ ನಡೆಯುತ್ತ, ಒಂದೆರಡು ಸಲ ನಿಂತು, ಅಂತೂ ಹೊರಟ. ಹಿಂದಿನಿಂದ ಟುಲಿಪ್‌ಳ ಕೂಗು. ಅವನು ಉತ್ತರ ಕೊಟ್ಟ. ಆರ್ಡಿತ್ ಹಿಮ್ಮಡಿ ಒತ್ತಿದಳು. ತಿರುವು ದಾಟಿತು, ಇಳಿಜಾರು ಬಂತು, ಟುಲಿಪ್‌ಳ ದನಿ ಮರಗಳ ಹಿಂದೆ ಸಣ್ಣಗಾಗಿ ಕೇಳದಾಯಿತು. ಈಗ ಇವನ ರಂಪ ಶುರುವಾಗುತ್ತದೆ ಎಂದು ಆರ್ಡಿತ್ ಜೀನಿನ ಮುಂದಿನ ಕೊಂಬು ಹಿಡಿದು ಕೂತಳು.

ಏನೂ ಶುರುವಾಗಲಿಲ್ಲ. ಬಾರ್ನಿ ಮೂಗಿನಿಂದ ಒಂದು ದೊಡ್ಡ ಉಸಿರು ಬಿಟ್ಟ. ಕತ್ತು ಇಳಿಸಿದ. ದಾರಿಯ ಪಕ್ಕದ ಎಲೆಗೆ ಬಾಯಿ ಹಾಕಿ ಅಗಿಯುತ್ತ ನಡೆದ. ಕೂಗುವವಳು ಇಲ್ಲದಿದ್ದರೆ ಅವನಿಗೆ ಕೂಗುವ ಗೊಡವೆಯೇ ಇರಲಿಲ್ಲ.

"ಅಯ್ಯೋ ನಿನ್ನ!" ಅಂದಳು ಆರ್ಡಿತ್, ಅವನ ಕುತ್ತಿಗೆಗೆ ಒಂದು ಏಟು ಹಾಕಿ. "ಇಷ್ಟು ವರ್ಷ ಹೇಳಬಾರದಾಗಿತ್ತಾ?"

ಹೊಳೆ ಬಂತು. ತಳದ ಮರಳು ಕಾಣುವ ನೀರು, ಆಚೆ ದಡದಲ್ಲಿ ಹಳದಿಯಾಗುತ್ತಿದ್ದ ಬರ್ಚ್ ಮರಗಳು. ಬಾರ್ನಿ ಮಂಡಿಯವರೆಗೆ ಇಳಿದು ನೀರು ಕುಡಿದ. ಯಾರೂ "ಅಲ್ಲಿ ನೋಡು ಕೊಕ್ಕರೆ" ಅನ್ನಲಿಲ್ಲ. ಯಾರೂ ಬೆನ್ನು ನೆಟ್ಟಗೆ ಮಾಡಿ ಕೂರು ಅನ್ನಲಿಲ್ಲ. ಆರ್ಡಿತ್ ಬೆನ್ನು ಬಗ್ಗಿಸಿಕೊಂಡೇ ಕೂತಳು, ಸುಖವಾಗಿ. ಇನ್ನು ಟುಲಿಪ್ ಎಲ್ಲಿಗಾದರೂ ಹೋಗಲಿ, ಲೆನೋರ್ ತನ್ನ ಮನೆಯಲ್ಲಿ ಇರಲಿ. ವರ್ಷ ವರ್ಷವೂ ಹೀಗೇ ಬರಬಹುದು.

ಆ ಸುಖ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಮೇಲಿನ ದಾರಿಯಲ್ಲಿ ಏನೋ ದಡದಡ, ಖಣಖಣ, ಚಟಚಟ. ಬಾರ್ನಿ ತಲೆ ಎತ್ತಿದ. ಪೈನ್ ಮರಗಳ ನಡುವಿನಿಂದ ಟುಲಿಪ್ ಓಡಿಬಂದಳು, ಜಡೆ ಬಿಚ್ಚಿ, ಕಣ್ಣುಗುಡ್ಡೆ ಹೊರಳಿಸಿ, ಮೈತುಂಬ ಬೆವರಾಗಿ. ಅವಳ ಹಗ್ಗದ ತುದಿಯಲ್ಲಿ ಲೆನೋರಳ ಮಡಚುವ ಕುರ್ಚಿ ಕುಣಿದುಕೊಂಡು ಬರುತ್ತಿತ್ತು. ಒಂದು ಕಾಲು ಮುರಿದಿತ್ತು, ಬಟ್ಟೆ ಹರಿದು ನೇತಾಡುತ್ತಿತ್ತು. ಅವಳು ನೀರಿಗೆ ನುಗ್ಗಿ ಬಾರ್ನಿಯ ಪಕ್ಕೆಗೆ ಪಕ್ಕೆ ಒತ್ತಿ ನಡುಗುತ್ತ ನಿಂತಳು. ಕುರ್ಚಿ ಹೊಳೆಯಲ್ಲಿ ತೇಲಿತು. ಬಾರ್ನಿ ಅವಳನ್ನೊಮ್ಮೆ ಮೂಸಿ ಮತ್ತೆ ನೀರು ಕುಡಿದ.

ಆರ್ಡಿತ್ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದೆ ಕುರ್ಚಿಯನ್ನು ಬಿಡಿಸಿ ಕೈಗೆ ಸಿಕ್ಕಿಸಿಕೊಂಡು, ಟುಲಿಪ್‌ಳ ಹಗ್ಗ ಹಿಡಿದು ವಾಪಸು ಹೊರಟಳು.

ದಾರಿಯ ಅರ್ಧದಲ್ಲೇ ಮೆರ್ಲ್ ಎದುರಾದ, ಅವನ ಹಿಂದೆ ಕುಂಟುತ್ತ ಲೆನೋರ್, ಕೈಯಲ್ಲಿ ಇನ್ನೂ ಅರ್ಧ ತಿಂದ ದಾಲ್ಚಿನ್ನಿ ಬನ್ನು.

"ಹಗ್ಗಾನ ಕುರ್ಚಿ ಕೈಗೆ ಒಂದು ಸುತ್ತು ಹಾಕಿದ್ದೆ ಅಷ್ಟೇ! ಬನ್ನು ತಿನ್ನೋಕೆ ಎರಡು ಕೈ ಬೇಡವಾ?" ಎಂದು ಲೆನೋರ್ ದೂರದಿಂದಲೇ ಕೂಗಿದಳು. ಆಮೇಲೆ ಮೆರ್ಲ್‌ನ ಕಡೆ ತಿರುಗಿದಳು. "ನೋಡಿದ್ರಾ? ಆ ಬಾರ್ನಿ ಕೂಗಿ ಕೂಗಿ ಇವಳ ತಲೆ ಕೆಡಿಸಿದ್ದು. ಅವನು ಇಲ್ಲದ ಊರಲ್ಲಿ ಇವಳು ದೇವತೆ."

ಮೆರ್ಲ್ ಟುಲಿಪ್‌ಳ ಬೆವರಿದ ಎದೆಯ ಮೇಲೆ ಕೈಯಿಟ್ಟ. ಆರ್ಡಿತ್‌ಳ ಮುಖ ನೋಡಿದ. "ನೀವು ಹೇಳಿ ಅಮ್ಮಾ. ಈ ರೋಗ ಯಾರದು? ನಿಮ್ಮ ಕುದುರೆದಾ, ಇವಳದಾ?"

ಒಂದೇ ಮಾತು ಸಾಕಾಗಿತ್ತು. ನನ್ನ ಕುದುರೆದು ಅಂದರೆ ಮುಗಿಯಿತು. ಅಳುಬುರುಕ ಎಂದು ಊರೆಲ್ಲ ಕರೆದದ್ದೇ ತಾನೆ, ಇನ್ನೊಂದು ಸಲ ಕರೆಸಿಕೊಂಡರೆ ಬಾರ್ನಿಗೇನು ನಷ್ಟ? ಟುಲಿಪ್ ಮೆರ್ಲ್‌ನ ಟ್ರೇಲರಿಗೆ, ಲೆನೋರ್ ತನ್ನ ಸೋಫಾಕ್ಕೆ, ಹೊಳೆ ಆರ್ಡಿತ್‌ಗೆ. ಲೆನೋರಳೂ ಹೇಳು ಹೇಳು ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಆರ್ಡಿತ್ ಟುಲಿಪ್‌ಳ ಬೆನ್ನು ನೋಡಿದಳು. ಅಲ್ಲಿ ಯಾರೂ ಕೂತಿರಲಿಲ್ಲ. ಆದರೂ ಬಸ್ಸಿನ ಕನ್ನಡಿಯಲ್ಲಿ ಕಾಣುತ್ತಿದ್ದಂಥ ಒಂದು ಮುಖ ಅಲ್ಲಿ ಕೂತ ಹಾಗೆ ಕಂಡಿತು, ಮುಂದಿನ ಎರಡು ಹಲ್ಲು ಬಿದ್ದದ್ದು. ಈ ಹಾಳು ಬಸ್ಸಿನ ಅಭ್ಯಾಸ, ಎಂದು ತನಗೆ ತಾನೇ ಬೈದುಕೊಂಡಳು.

"ಇವಳದೇ" ಅಂದಳು. "ಬಾರ್ನಿ ಹೊಳೆಯಲ್ಲಿ ಸುಮ್ಮನೆ ನಿಂತಿದ್ದ. ಒಂಟಿಯಾದ್ರೆ ಇವಳಿಗೆ ಕಣ್ಣೇ ಕಾಣಲ್ಲ. ಮಗು ಕೂರಿಸಬೇಡಿ."

ಮೆರ್ಲ್ ತಲೆಯಾಡಿಸಿದ. ಹ್ಯಾಟು ಮುಟ್ಟಿ, ಬಂದ ದಾರಿ ಹಿಡಿದ.

ಲೆನೋರಳ ಬಾಯಿ ಬಿಡಾರ ಮುಟ್ಟುವ ಮೊದಲೇ ಶುರುವಾಯಿತು. "ಮನೆ ಮುರುಕಿ! ಕೈಗೆ ಬಂದದ್ದು ಓಡಿಸಿದೆ. ಇನ್ನು ಇವಳನ್ನ ಯಾರು ಹತ್ತಬೇಕು? ನನ್ನ ಮಂಡಿ ನೋಡಿದ್ಯಾ?"

"ನೋಡಿದೆ."

"ಕುರ್ಚಿ ನೋಡಿದ್ಯಾ?"

"ನಾನೇ ಹೊತ್ಕೊಂಡು ಬರ್ತಾ ಇದೀನಲ್ಲ ಮಾರಾಯ್ತಿ, ನೋಡದೆ ಏನು!"

ಲೆನೋರ್ ಟುಲಿಪ್‌ಳ ಬಿಚ್ಚಿದ ಜಡೆಯಿಂದ ರಿಬ್ಬನ್ನು ಎಳೆದು ಜೇಬಿಗೆ ಹಾಕಿಕೊಂಡಳು. ಉಳಿದಿದ್ದ ಅರ್ಧ ಬನ್ನನ್ನು ಕುದುರೆಯ ಬಾಯಿಗೆ ಇಟ್ಟಳು. "ಬರೋ ವರ್ಷ ನೀನು ಇವಳ ಮೇಲೆ ಕೂತ್ಕೋ. ಬಾರ್ನಿನ ಹಿಂದೆ ಕಟ್ಕೋ. ನಾನು ಬಿಡಾರ ನೋಡ್ಕೊಂಡಿರ್ತೀನಿ. ಕುರ್ಚಿ ಮಾತ್ರ ಕಬ್ಬಿಣದ್ದೇ ಕೊಡಿಸಬೇಕು ನೀನು."

"ನಾನ್ಯಾಕೆ ಕೊಡಿಸಲಿ?"

"ಮಾರಾಟ ಕೆಡಿಸಿದ್ದು ಯಾರು?"

ಭಾನುವಾರ ಹಗ್ಗ ಬಿಚ್ಚಿ, ಲದ್ದಿ ಬಾಚಿ, ಎರಡೂ ಕುದುರೆಗಳನ್ನು ಟ್ರೇಲರಿಗೆ ಹತ್ತಿಸಿದ್ದು ಆರ್ಡಿತ್. ಬಾರ್ನಿ ಮೊದಲು ಹತ್ತಿದ, ಟುಲಿಪ್ ಅವನ ಬಾಲಕ್ಕೆ ಮೂಗು ತಾಗಿಸಿಕೊಂಡು ಹತ್ತಿದಳು. ದಾರಿಗೆ ಅಡ್ಡ ಯಾರದೋ ಗಾಡಿ ನಿಂತಿದ್ದರಿಂದ ಹಿಮ್ಮುಖವಾಗಿ ಹೊರಬರಬೇಕಾಯಿತು. ಲೆನೋರ್ ಮತ್ತೆ ಕೆಳಗಿಳಿದು ಎರಡೂ ಕೈ ಎತ್ತಿದಳು.

"ಎಡಕ್ಕೆ! ಎಡಕ್ಕೆ ಕಣೆ!"

ಆರ್ಡಿತ್ ಗಾಜು ಏರಿಸಿ, ತನಗೆ ಬೇಕಾದ ಕಡೆ ಚಕ್ರ ತಿರುಗಿಸಿದಳು. ಟ್ರೇಲರು ಒಂದು ಕೊಂಬೆಗೂ ತಾಗದೆ ನೆಟ್ಟಗೆ ದಾರಿಗೆ ಬಂತು. ಲೆನೋರ್ ಏದುಸಿರು ಬಿಡುತ್ತ ಹತ್ತಿ, ಮುರಿದ ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ಎಳೆದುಕೊಂಡಳು.

"ನೋಡು, ನಾನು ಹೇಳಿದ್ದಕ್ಕೆ ಸರಿಯಾಗಿ ಬಂತು" ಅಂದಳು.