ಓಲೆಯಕ್ಕ ಕೊಯ್ದ ಕಿವಿಗಳು

ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ಆ ಹೆಂಗಸಿಗೆ ತಂದೆತಾಯಿ ಇಟ್ಟ ಹೆಸರೇನೆಂದು ಕೇಳಿದರೆ ಬೀದಿಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಎಲ್ಲರಿಗೂ ಅವಳು ಓಲೆಯಕ್ಕ. ದನದ ಕಿವಿಗೆ ನಂಬರಿರುವ ಹಳದಿ ಪ್ಲಾಸ್ಟಿಕ್ ಬಿಲ್ಲೆ ಹಾಕುತ್ತಾರಲ್ಲ, ಅದಕ್ಕೆ ಕಚೇರಿಯವರು ಕಿವಿಯೋಲೆ ಎನ್ನುತ್ತಾರೆ. ಅದನ್ನು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಎಡಗೈಯಲ್ಲಿ ಕಿವಿ ಸವರುತ್ತ, ದನದ ಜೊತೆ ಅದೂ ಇದೂ ಮಾತಾಡುತ್ತ, ಬಲಗೈಯ ಇಕ್ಕಳವನ್ನು ಟಕ್ ಎನ್ನಿಸಿದರೆ ಮುಗಿಯಿತು. ಏನಾಯಿತೆಂದು ದನಕ್ಕೆ ಗೊತ್ತಾಗುವಷ್ಟರಲ್ಲಿ ಅವಳು ಪಕ್ಕದ ಮನೆಯ ಕೊಟ್ಟಿಗೆಯಲ್ಲಿರುತ್ತಿದ್ದಳು.

ಅವಳ ಚರ್ಮದ ಚೀಲದಲ್ಲಿ ಇಕ್ಕಳ, ಚಾಕು, ಔಷಧಿ ಬಾಟಲಿಗಳ ಜೊತೆ ಯಾವಾಗಲೂ ಒಂದು ಸೋಪಿನ ಡಬ್ಬಿ. ಯಾರ ಮನೆಗೆ ಹೋದರೂ ಮೊದಲು ಕೈ ತೊಳೆಯಲು ನೀರು ಕೇಳುವಳು, ಹೊರಡುವಾಗ ಮತ್ತೆ ಕೇಳುವಳು. "ಏನಕ್ಕಾ, ಕೈ ಮೇಲೆ ಚರ್ಮ ಉಳಿಸ್ಕೋತೀಯೋ ಇಲ್ವೋ?" ಎಂದು ಜನ ಛೇಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಕಾರಣ ಮಾತ್ರ ನಗುವಂಥದ್ದಲ್ಲ.

ಒಂಬತ್ತು ವರ್ಷದ ಹಿಂದೆ ಹೊಳೆ ಉಕ್ಕಿ ಕೆಳಗಿನ ಬೀದಿಗೆ ನುಗ್ಗಿತು. ಅದು ಹಾಲು ಮಾರಿ ಬದುಕುವವರ ಬೀದಿ. ಮನೆಗಿಂತ ಕೊಟ್ಟಿಗೆ ದೊಡ್ಡದು. ಅಲ್ಲಿಯ ದನಗಳಿಗೆ ಹೊಳೆದಂಡೆಯ ತರಕಾರಿ ತೋಟಗಳ ಮೇಲೆ ಕಣ್ಣು, ತೋಟದವರಿಗೆ ದನದವರ ಮೇಲೆ ಕಣ್ಣು. ಬಿಚ್ಚಿಕೊಂಡು ಹೋದರೆ ಜಗಳ ತಪ್ಪದೆಂದು ನಾರಿನ ಹಗ್ಗವನ್ನು ಗೂಟಕ್ಕೆ ಮೂರು ಸುತ್ತು ಸುತ್ತಿ, ಎರಡು ಗಂಟು ಹಾಕಿ, ಮೇಲೆ ನೀರು ಚಿಮುಕಿಸಿ ಬಿಗಿಯುವುದು ಆ ಬೀದಿಯ ರೂಢಿ. "ನಮ್ಮ ಗಂಟು ಬಿಚ್ಚೋಕೆ ನಮ್ಮಪ್ಪನೇ ಎದ್ದು ಬರ್ಬೇಕು" ಎಂದು ಹೆಮ್ಮೆ ಬೇರೆ. ನೀರು ಬರುತ್ತದೆ, ಸಂಜೆಗೆ ಇಳಿಯುತ್ತದೆ ಎಂದು ಕಚೇರಿಯವರು ಮೈಕಿನಲ್ಲಿ ಕೂಗಿಸಿದರು. ಜನ ನಂಬಿದರು. ದನಗಳ ಮುಂದೆ ಎರಡು ದಿನದ ಹುಲ್ಲು ಹಾಕಿ, ಗಂಟು ಇನ್ನೊಮ್ಮೆ ಎಳೆದು ನೋಡಿ, ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತಿದರು. ನೀರು ಇಳಿದದ್ದು ನಾಲ್ಕನೆಯ ದಿನ. ದನಗಳು ಕಟ್ಟಿದಲ್ಲೇ ಇದ್ದವು.

ನೂರಾ ಹದಿನೇಳು! ಪರಿಹಾರ ಬೇಕಾದರೆ ಸತ್ತ ದನದ ಓಲೆಯನ್ನು ಕಿವಿ ಸಮೇತ ತರಬೇಕೆಂದು ಮೇಲಿನಿಂದ ಆದೇಶ ಬಂತು. ಬರೀ ಓಲೆಯಾದರೆ ಮೋಸ ಮಾಡಬಹುದಂತೆ. ಆ ಆದೇಶ ಬರೆದ ಪುಣ್ಯಾತ್ಮ ಉಬ್ಬಿದ ಹೆಣದ ಪಕ್ಕ ಒಂದು ಗಳಿಗೆಯಾದರೂ ನಿಂತಿದ್ದನೇ? ಓಲೆಯಕ್ಕ ಮೂರು ಹಗಲು ಕೆಸರಿನಲ್ಲಿ ಮೊಣಕಾಲೂರಿ ಕೊಯ್ದಳು. ಉಸಿರೆಳೆದರೆ ನೊಣ ಬಾಯೊಳಗೆ ಹೋಗುತ್ತಿತ್ತು. ಹಿಡಿದ ಕಡೆ ಕೂದಲು ಚರ್ಮದ ಸಮೇತ ಕಳಚಿ ಬೆರಳಿಗೆ ಅಂಟುತ್ತಿತ್ತು. ಕಚೇರಿಯ ಜಗುಲಿಯಲ್ಲಿ ಮೂಟೆ ಸುರಿದಾಗ ಆಗಿನ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇನ್ನೊಂದ್ಸಲ ಎಣಿಸಿ" ಎಂದರು. ಥೂ! ಎರಡನೆಯ ಸಲವೂ ನೂರಾ ಹದಿನೇಳೇ ಆಯಿತು. ತಪಾಸಣೆಯವರು ಬರುವ ತನಕ ಇರಲಿ ಎಂದು ಆ ಮೂಟೆಯನ್ನು ಉಗ್ರಾಣದಲ್ಲಿ ಎಂಟು ತಿಂಗಳು ಇಟ್ಟರು. ಕೊನೆಗೆ ಹೆಗ್ಗಣಗಳೇ ತಪಾಸಣೆ ಮುಗಿಸಿದವು.

ಆ ನೂರಾ ಹದಿನೇಳರಲ್ಲಿ ನಾಲ್ಕು ಅವಳ ಅತ್ತಿಗೆಯವು. ಅಣ್ಣ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ತೌರುಮನೆಯ ಕೊಟ್ಟಿಗೆಯೆಲ್ಲ ಅತ್ತಿಗೆಯ ಕೈಯಲ್ಲೇ. ಸತ್ತವುಗಳಲ್ಲಿ ಒಂದು ಕರಿ ಎಂಬ ಹಸು, ತಾಯಿಯಿಲ್ಲದ ಕರುವಾಗಿದ್ದಾಗ ಅತ್ತಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಆ ದಿನ ಅತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ಕರೀದೂ ಕೊಯ್ದ್ಯಾ?"

ಓಲೆಯಕ್ಕ ಹೌದೆಂದು ತಲೆಯಾಡಿಸಿದಳು.

"ಸರಿ. ಇನ್ನು ನಿನ್ನ ಕೈ ನನ್ನ ದನ ಮುಟ್ಟಬಾರದು."

ಮಾತು ಬಿಡಲಿಲ್ಲ, ಊಟಕ್ಕೆ ಕರೆಯುವುದನ್ನೂ ಬಿಡಲಿಲ್ಲ. ಆದರೆ ಆಮೇಲೆ ಕೊಂಡ ಕೆಂಪಿ ಮತ್ತು ಇನ್ನೆರಡು ಹಸುಗಳಿಗೆ ಓಲೆ ಹಾಕಿಸಲಿಲ್ಲ, ನಾದಿನಿಯನ್ನು ಕೊಟ್ಟಿಗೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಅದೇ ಕೊಟ್ಟಿಗೆಯಲ್ಲಿ ಏಳನೆಯ ವಯಸ್ಸಿಗೆ ಹಾಲು ಕರೆಯಲು ಕಲಿತವಳು ಒಂಬತ್ತು ವರ್ಷ ಅಂಗಳದಲ್ಲೇ ಕೂತು ಎದ್ದು ಬಂದಳು. ಬೈದಿದ್ದರೆ ಇದಕ್ಕಿಂತ ಚೆನ್ನಾಗಿತ್ತು. ಇನ್ನೊಂದು ಸತ್ತ ಕಿವಿ ಕೊಯ್ಯುವುದಿಲ್ಲವೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಕೊಯ್ಯದಿರಬೇಕಾದರೆ ಅವು ಸಾಯಬಾರದು, ಅಷ್ಟೇ.

ಕಚೇರಿಯಲ್ಲಿ ವಿಪತ್ತು ಯೋಜನೆ ಇರಲಿಲ್ಲವೆಂದಲ್ಲ. ನಲವತ್ತೆರಡು ಪುಟ, ಮೇಲೆ ಮಿರಿಮಿರಿ ಹೊದಿಕೆ. ಪ್ರತಿ ವರ್ಷ ಮುಖಪುಟದಲ್ಲಿ ಇಸವಿ ಬದಲಾಗುತ್ತಿತ್ತು, ಒಳಗೆ ಒಂದಕ್ಷರ ಅಲುಗುತ್ತಿರಲಿಲ್ಲ. ಯಾವುದೋ ದೂರದ ಕಚೇರಿಯದನ್ನು ಹಾಗೇ ಇಳಿಸಿಕೊಂಡದ್ದು. ಹದಿನಾಲ್ಕನೆಯ ಪುಟದಲ್ಲಿ ಒಂಟೆಗಳಿಗೆ ಪ್ರತ್ಯೇಕ ಮೇವು ಕಾದಿರಿಸತಕ್ಕದ್ದು ಎಂದಿತ್ತು. ಊರಿನವರು ಒಂಟೆ ನೋಡಿದ್ದು ಬೆಂಕಿಪೊಟ್ಟಣದ ಮೇಲೆ. ತುರ್ತಿಗೆ ಫೋನ್ ಮಾಡಬೇಕಾದ ಡಾಕ್ಟರು ತೀರಿಕೊಂಡು ಆರು ವರ್ಷವಾಗಿತ್ತು. ಕೆಲಸಕ್ಕೆ ಬರುವಂತಿದ್ದದ್ದು ಒಂದೇ ಸಾಲು: ನೆರೆ ಬಂದಾಗ ಜಾನುವಾರುಗಳಿಗೆ ಆಶ್ರಯ, ದಿಬ್ಬದ ಮೇಲಿನ ಧಾನ್ಯ ಮಾರುಕಟ್ಟೆಯ ಅಂಗಳ.

ಓಲೆಯಕ್ಕ ತನ್ನದೇ ಒಂದು ಯೋಜನೆ ಮಾಡಿದಳು, ಒಂದೇ ಹಾಳೆಯದು. ಅದಕ್ಕಾಗಿ ಮನೆಮನೆ ಸುತ್ತಿದಳು. ಯಾವ ಓಣಿಯ ದನ ಮೊದಲು ಹೊರಡಬೇಕು, ಯಾರ ಹಸು ನಡೆದರೆ ಉಳಿದವು ಹಿಂದೆ ಬರುತ್ತವೆ, ಕುಂಟು ಎಮ್ಮೆಯನ್ನು ಯಾರ ಟ್ರಾಕ್ಟರಿಗೆ ಹತ್ತಿಸಬೇಕು, ಎಲ್ಲ ಬರೆದಳು. ಪ್ರತಿ ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆಸಿ ಒಂದು ಕುಡುಗೋಲು ತೂಗುಹಾಕಿಸಿದಳು. "ಗಂಟು ಬಿಚ್ಚೋಕೆ ಹೋಗ್ಬೇಡಿ, ಹಗ್ಗ ಕೊಯ್ದುಬಿಡಿ!" ಇದನ್ನು ಎಷ್ಟು ಸಲ ಹೇಳಿದಳೆಂದರೆ, ಅವಳನ್ನು ಕಂಡರೆ ಸಾಕು, ಬೀದಿಯ ಮಕ್ಕಳು ಇದನ್ನೇ ಕೂಗುತ್ತಿದ್ದವು. ಅತ್ತಿಗೆ ಮಾತ್ರ ಕುಡುಗೋಲನ್ನು ವಾಪಸು ಕಳಿಸಿದಳು. ತನ್ನ ಗಂಟು ತನಗೆ ಬಿಚ್ಚಲು ಬರುತ್ತದೆ ಎಂದಳಂತೆ.

ಉಳಿದದ್ದು ಮಾರುಕಟ್ಟೆಯ ಗೇಟಿನ ಬೀಗದಕೈ. ಅದು ಈಗಿನ ಸಾಹೇಬರ ಮೇಜಿನ ಖಾನೆಯಲ್ಲಿತ್ತು, ಖಾನೆಯ ಬೀಗದಕೈ ಅವರ ಜೇಬಿನಲ್ಲಿ. ಈ ಸಾಹೇಬರು ಬಂದು ಮೂರು ವರ್ಷ, ಕೆಳಗಿನ ಬೀದಿಗೆ ಒಮ್ಮೆಯೂ ಇಳಿದವರಲ್ಲ. ವಾಸನೆ ಆಗಿಬರುವುದಿಲ್ಲವಂತೆ. ಮಳೆಗಾಲದ ಮೊದಲ ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದಳು.

"ಸಾರ್, ಇನ್ನೊಂದು ಬೀಗದಕೈ ಮಾಡ್ಸಿ ಕಮ್ಮಾರನ ಹತ್ರ ಕೊಡಿ. ಗೇಟಿನ ಎದುರೇ ಅವನ ಕುಲುಮೆ. ನೀರು ಬಂದಾಗ ಓಡಾಡೋಕೆ ಹೊತ್ತಿರಲ್ಲ."

ಸಾಹೇಬರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. "ಅಂಗಳಕ್ಕೆ ಈಗಷ್ಟೇ ಬಣ್ಣದ ಟೈಲ್ಸ್ ಹಾಕ್ಸಿದೀವಮ್ಮ. ಸಗಣಿ ಬಿದ್ರೆ ಕಲೆ ಹೋಗಲ್ಲ."

"ಯೋಜನೇಲಿ ಅದೇ ಜಾಗ ಅಂತ ಬರ್ದಿದೆಯಲ್ಲ ಸಾರ್?"

"ಅಯ್ಯೋ, ಅದು ಫೈಲಿಗೆ ಬರ್ದಿರೋದಮ್ಮ!" ಸಾಹೇಬರು ನಕ್ಕರು, ಸಭೆಯೂ ಹಲ್ಲು ಕಿರಿಯಿತು. ಅವಳ ಹಾಳೆಯನ್ನು ತುಂಬ ಚೆನ್ನಾಗಿದೆ ಎಂದು ಹೊಗಳಿ, ಅದರ ಮೇಲೆ ಚಹಾದ ಲೋಟ ಇಟ್ಟರು. ಮರುವಾರ ಅಣಕು ಕಾರ್ಯಾಚರಣೆಯೂ ನಡೆಯಿತು. ಒಂದು ಕರುವಿಗೆ ಶಾಂಪೂ ಹಾಕಿ ತೊಳೆದು ತಂದರು. ಸಾಹೇಬರು ಅದರ ಹಗ್ಗವನ್ನು ಎರಡು ಬೆರಳಿನಲ್ಲಿ ಹಿಡಿದು ಫೋಟೋ ತೆಗೆಸಿಕೊಂಡರು, ಕರು ಮೂಸಲು ಬಂದಾಗ "ಏಯ್, ಹಿಡ್ಕೊಳ್ರೋ ಇದನ್ನ" ಎಂದು ಹಾರಿದರು. ಓಲೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಂಥವರ ಸಹಿ ಬೀಳದೆ ಒಂದು ಗೇಟು ತೆರೆಯುವುದಿಲ್ಲವಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಎರಡು ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸುದ್ದಿ ಬಂತು: ಮೇಲಿನ ಅಣೆಕಟ್ಟೆ ತುಂಬಿದೆ, ಬಾಗಿಲು ತೆಗೆಯುತ್ತಾರೆ, ಹೆಚ್ಚೆಂದರೆ ಮೂರು ಗಂಟೆ ಸಮಯ. ಸಾಹೇಬರು ಊರಲ್ಲಿರಲಿಲ್ಲ. ವಿಪತ್ತು ನಿರ್ವಹಣೆಯ ಬಗ್ಗೆ ಭಾಷಣ ಮಾಡಲು ಇನ್ನೊಂದು ಊರಿಗೆ ಹೋಗಿದ್ದರು. ಫೋನಿನಲ್ಲಿ ಸಿಕ್ಕರು. ಹಿಂದೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

"ನಾನು ಬರೋವರೆಗೂ ಬೀಗ ಮುಟ್ಬೇಡಿ. ಬೇಕಾದ್ರೆ ಒಂದು ಅರ್ಜಿ ಬರ್ದಿಡಿ, ನೋಡೋಣ."

ಓಲೆಯಕ್ಕ ಫೋನನ್ನು ಚೀಲಕ್ಕೆ ಎಸೆದು ಕಮ್ಮಾರನ ಮುಂದೆ ಹೋಗಿ ನಿಂತಳು. "ಬೀಗ ಒಡಿ."

"ಕೇಸಾಗುತ್ತಕ್ಕಾ."

"ಆದ್ರೆ ನನ್ನ ಮೇಲಾಗ್ಲಿ. ನೀನು ಒಡೀತೀಯೋ, ಸುತ್ತಿಗೆ ನನ್ನ ಕೈಗೆ ಕೊಡ್ತೀಯೋ?"

ಕಮ್ಮಾರ ಅವಳ ಮುಖ ನೋಡಿ ಎದ್ದ. ಮೂರನೆಯ ಏಟಿಗೆ ಬೀಗ ಬಿತ್ತು.

ಕೆಳಗಿನ ಬೀದಿಯಲ್ಲಿ ಹಾಳೆಯಲ್ಲಿ ಬರೆದ ಹಾಗೇ ನಡೆಯಿತು. ಮೊಳೆಗಳಿಂದ ಕುಡುಗೋಲುಗಳು ಇಳಿದವು, ಹಗ್ಗಗಳು ತುಂಡಾದವು, ಮುಂದಿನ ಓಣಿಯ ಮುದಿ ಹಸು ನಡೆಯಿತು, ಅದರ ಬಾಲ ನೋಡಿಕೊಂಡು ಉಳಿದವು ದಿಬ್ಬ ಹತ್ತಿದವು. ನೂಕಾಟದಲ್ಲಿ ಒಬ್ಬರ ಕಾಲು ಒಬ್ಬರು ತುಳಿದರು, ಬೈದಾಡಿದರು, ಆದರೆ ಯಾರೂ ನಿಲ್ಲಲಿಲ್ಲ. ಒಂದು ಕೊಟ್ಟಿಗೆಯಿಂದ ಮಾತ್ರ ದನ ಹೊರಗೆ ಬಂದಿರಲಿಲ್ಲ. ಓಲೆಯಕ್ಕ ಪಕ್ಕದ ಕೊಟ್ಟಿಗೆಯ ಕುಡುಗೋಲು ಹಿಡಿದು ಅಲ್ಲಿಗೆ ಓಡಿದಳು. ಒಳಗೆ ಮೀನಖಂಡದ ತನಕ ನೀರು. ಅತ್ತಿಗೆ ಮಂಡಿಯೂರಿ, ನೆನೆದು ಕಲ್ಲಾದ ಗಂಟನ್ನು ಹಲ್ಲಿನಿಂದ ಎಳೆಯುತ್ತಿದ್ದಳು. ಉಗುರು ಕಿತ್ತು ರಕ್ತ ಬರುತ್ತಿತ್ತು.

"ಅತ್ತಿಗೆ, ಒಳಗೆ ಬರ್ಲಾ?"

"ಬೇಡ!"

"ಬೇಡ ಅಂದ್ರೆ ಬರಲ್ಲ. ಇದನ್ನಾದ್ರೂ ತಗೋ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ." ಹೊಸ್ತಿಲಿನ ಈಚೆ ನಿಂತೇ ಅವಳು ಕುಡುಗೋಲು ಚಾಚಿದಳು. ಅತ್ತಿಗೆ ದುರುಗುಟ್ಟಿ ನೋಡಿದಳು, ಹಸುಗಳ ಕಡೆ ನೋಡಿದಳು, ಕುಡುಗೋಲು ಕಿತ್ತುಕೊಂಡಳು. ಮೂರು ಏಟಿಗೆ ಮೂರು ಹಗ್ಗ. ಹಸುಗಳು ಓಲೆಯಕ್ಕನನ್ನು ಗೋಡೆಗೆ ಒತ್ತಿ ಹೊರಗೆ ನುಗ್ಗಿದವು.

ಆ ಸಲ ನೀರು ಕೊಟ್ಟಿಗೆಗಳ ಸೂರು ಮುಟ್ಟಿತು. ಗೂಡಿನಲ್ಲಿದ್ದ ಕೋಳಿಗಳು ಹೋದವು. ದನ, ಎಮ್ಮೆ, ಆಡು ಸೇರಿ ನಾನೂರಕ್ಕೆ ಹತ್ತಿರ ಇದ್ದವು, ಒಂದೂ ಸಾಯಲಿಲ್ಲ. ಬಣ್ಣದ ಟೈಲ್ಸಿನ ಮೇಲೆ ಸಗಣಿ ಹಾಕುತ್ತ, ಮೆಲುಕು ಹಾಕುತ್ತ ಆರಾಮಾಗಿ ಮಲಗಿದ್ದವು.

ಸಾಹೇಬರು ಬಂದದ್ದು ಮೂರನೆಯ ದಿನ. ಮೂಗಿನ ಮೇಲೆ ಕರವಸ್ತ್ರ. ಸುತ್ತಿಗೆಯ ಏಟು ತಿಂದ ಗೇಟು ನೋಡಿದರು, ಟೈಲ್ಸ್ ನೋಡಿ ಮುಖ ಹುಳ್ಳಗೆ ಮಾಡಿದರು. ಓಲೆಯಕ್ಕ ಕೊಟ್ಟ ನಮೂನೆಯಲ್ಲಿ ಸತ್ತ ಜಾನುವಾರು ಎಂಬಲ್ಲಿ ಸೊನ್ನೆ ಇತ್ತು. ಬದುಕಿದ್ದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಸಾಹೇಬರು ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. ಅಲ್ಲೇ ಹಸುವಿನ ಮರೆಯಲ್ಲಿ ಅತ್ತಿಗೆ ಹುಲ್ಲು ಹಾಕುತ್ತಿದ್ದದ್ದು ಅವರಿಗೆ ಕಾಣಲಿಲ್ಲ.

"ಸೊನ್ನೆ ಅಂತ ಕಳ್ಸಿದ್ರೆ ಮೇಲಿನವ್ರು ನಗ್ತಾರೆ. ಪಕ್ಕದ ಊರಲ್ಲಿ ನೂರಾ ಅರವತ್ತು ಸತ್ತಿವೆ. ನಮ್ಮಲ್ಲಿ ಏನೂ ಇಲ್ಲ ಅಂದ್ರೆ ನೆರೇನೇ ಬಂದಿಲ್ಲ ಅಂತಾರೆ, ಅನುದಾನ ಬರಲ್ಲ. ಒಂದು ನಲವತ್ತು ಓಲೆ ತಂದ್ಕೊಡಿ."

"ಸತ್ತೇ ಇಲ್ವಲ್ಲ ಸಾರ್?"

"ಇಲ್ಲೇ ಇವೆಯಲ್ಲಮ್ಮ, ಇವುಗಳದ್ದೇ ತೆಗೀರಿ. ಕಿವಿ ತುದಿ ಸಮೇತ ಇರ್ಲಿ, ಬರೀ ಓಲೆ ಒಪ್ಪಲ್ಲ. ಹೋದ ಸಲ ನೀವೇ ಕೊಯ್ದಿದ್ದಂತೆ, ಅಭ್ಯಾಸ ಇದೆಯಲ್ಲ."

ಓಲೆಯಕ್ಕನ ಮೂಗಿಗೆ ಒಂಬತ್ತು ವರ್ಷದ ಹಿಂದಿನ ಆ ವಾಸನೆ ಮತ್ತೆ ಅಡರಿತು. ಹೆಣದ ಪಕ್ಕ ಕೂತಾಗ ಕೂಡ ಇಷ್ಟು ಅಸಹ್ಯವಾಗಿರಲಿಲ್ಲ. ಚೀಲಕ್ಕೆ ಕೈ ಹಾಕಿ ಚಾಕು ತೆಗೆದು, ಹಿಡಿಯನ್ನು ಸಾಹೇಬರ ಕಡೆ ಮಾಡಿ ಚಾಚಿದಳು.

"ತಗೊಳ್ಳಿ ಸಾರ್, ನೀವೇ ಕೊಯ್ಯಿರಿ. ಸತ್ತಿದ್ದಾದ್ರೆ ಸುಮ್ನೆ ಮಲಗಿರುತ್ತೆ, ನನ್ನಂಥವಳೂ ಕೊಯ್ಬೋದು. ಇವು ಒದೀತವೆ, ಹುಷಾರು."

ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. ಜನ ತಿರುಗಿ ನೋಡಿದರು. ಸಾಹೇಬರ ಮುಖ ಕೆಂಪೇರಿತು. ಸರ್ಕಾರಿ ಬೀಗ ಒಡೆದದ್ದಕ್ಕೆ ನೋಟಿಸು ಕಳಿಸುತ್ತೇನೆಂದು ಬೆರಳು ತೋರಿಸಿ ಹಿಂದೆ ಸರಿದರು, ಸಗಣಿ ತುಳಿದರು, ಬೂಟನ್ನು ಟೈಲ್ಸಿಗೇ ಉಜ್ಜಿ ಹೊರಟುಹೋದರು. ನೋಟಿಸು ಬಂದದ್ದೂ ನಿಜ. ಕಲೆಯಾದ ಟೈಲ್ಸುಗಳನ್ನು ಒಂದೊಂದಾಗಿ ಎಣಿಸಿ ಬರೆದಿದ್ದರು.

ಆದರೆ ಅದು ಆಮೇಲಿನ ಮಾತು. ಆಗ ಓಲೆಯಕ್ಕ ಚಾಕು ಒಳಗಿಟ್ಟು ಸೋಪಿನ ಡಬ್ಬಿ ತೆಗೆದಳು, ನೀರಿಗಾಗಿ ಸುತ್ತ ನೋಡಿದಳು. ಹಸುವಿನ ಮರೆಯಿಂದ ಅತ್ತಿಗೆ ತಂಬಿಗೆ ಹಿಡಿದು ಬಂದು ನೀರು ಹೊಯ್ದಳು. ಓಲೆಯಕ್ಕ ಒಂದು ಸಲ ತೊಳೆದಳು, ಎರಡು ಸಲ ತೊಳೆದಳು. ಮೂರನೆಯ ಸಲ ಸೋಪು ಹಚ್ಚಿಕೊಳ್ಳಲು ಹೋದಾಗ ಅತ್ತಿಗೆ ಡಬ್ಬಿ ಕಿತ್ತುಕೊಂಡಳು.

"ಸಾಕು ಬಿಡೆ, ಎಷ್ಟು ತೊಳೀತೀಯಾ? ಕೆಂಪಿ ಕೆಚ್ಚಲು ಬಿಗಿದು ಒದ್ದಾಡ್ತಿದೆ. ನನ್ನ ಬೆರಳು ನೋಡು, ಗಂಟು ಎಳೆದು ಎಳೆದು ಹೀಗಾಗಿದೆ. ಕೂತ್ಕೊಂಡು ಹಾಲು ಕರಿ."