ಕೇಳದ ಕಾಗದ

ಕುವೈತಿಗೆ ಬಂದ ವಾರದಲ್ಲೇ ಅಣ್ಣ ನನಗೆ ಕಲಿಸಿದ ಮೊದಲ ಪಾಠ: ಕೌಂಟರಿನಲ್ಲಿ ಕೇಳಿದ ಕಾಗದ ಮಾತ್ರ ಕೊಡಬೇಕು, ಕೇಳದ್ದನ್ನು ಚೀಲದಿಂದ ಹೊರಗೆ ತೆಗೆಯಲೇಬಾರದು. ಅಣ್ಣ ಎಂದರೆ ನಮ್ಮವರ ಅಕ್ಕನ ಗಂಡ. ಒಂದು ಕಂಪನಿಯಲ್ಲಿ ಮಂದೂಬ್ ಆಗಿದ್ದರು, ಅಂದರೆ ಕೆಲಸಗಾರರ ಇಕಾಮಾ ಎಂಬ ವಾಸದ ಪರವಾನಗಿ, ವೀಸಾಗಳ ಕಾಗದ ಹಿಡಿದು ಸರಕಾರಿ ಕಚೇರಿ ಸುತ್ತುವವರು. ನಮ್ಮವರಿಗೆ ಶುಐಬಾದ ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಟ್ಟವರು ಅವರು. ಎಗೈಲಾದಲ್ಲಿ ಮನೆ ನೋಡಿಕೊಟ್ಟವರು, ಮಗಳನ್ನು ಯಾವ ಶಾಲೆಗೆ ಹಾಕಬೇಕೆಂದು ಹೇಳಿದವರೂ ಅವರೇ. ಅವರ ಮಾತು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಒಮ್ಮೆ ಆ ಪಾಠ ಮರೆತು ಪೆಟ್ಟು ತಿಂದವಳು ನಾನು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ, ಲೈಸೆನ್ಸಿಗೆ ಕೇಳಿದ್ದ ಕಾಗದಗಳ ಜೊತೆ ಊರಿನ ಹಳೆಯ ಲ್ಯಾಬಿನವರು ಬರೆದುಕೊಟ್ಟ ಅನುಭವದ ಪತ್ರವನ್ನೂ ಇಟ್ಟೆ. ಇದ್ದರೆ ಒಳ್ಳೆಯದೇ ಅಲ್ಲವೇ ಎಂಬ ಅತಿ ಬುದ್ಧಿವಂತಿಕೆ. ಕಿಟಕಿಯ ಆಚೆ ಕೂತಿದ್ದವನು ಅದನ್ನು ತಿರುಗಿಸಿ ನೋಡಿ, ಇದಕ್ಕೆ ಸೀಲು ಎಲ್ಲಿ ಎಂದ. ನನ್ನ ಫೈಲು ಪಕ್ಕಕ್ಕೆ ಹೋಯಿತು. ‘ಬುಕ್ರಾ’ ಎಂದ, ನಾಳೆ ಬಾ ಎಂದು. ಆ ನಾಳೆ ಬರುವ ಹೊತ್ತಿಗೆ ಚಳಿಗಾಲ ಮುಗಿದು ಧೂಳಿನ ಗಾಳಿ ಶುರುವಾಗಿತ್ತು. ಅಂದಿನಿಂದ ಅಣ್ಣನ ಪಾಠ ನನಗೆ ಮಂತ್ರವೇ ಆಯಿತು.

ಮಗಳಿಗೆ ಚಿಕ್ಕಂದಿನಿಂದ ನೀರಿನ ಹುಚ್ಚು. ಇಲ್ಲಿ ನಲ್ಲಿಯಲ್ಲಿ ಬರುವುದು ಉಪ್ಪು ಬಿಡಿಸಿದ ಸಮುದ್ರದ ನೀರು ಎಂದು ಅವಳಪ್ಪ ಒಂದು ದಿನ ಹೇಳಿದ್ದೇ ತಡ, ಹಾಗಾದರೆ ಆ ಉಪ್ಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಮತ್ತೆ ಸಮುದ್ರಕ್ಕೇ ಬಿಡುತ್ತಾರೆ ಎಂದರೆ, ಮೀನಿಗೆ ಏನಾಗುತ್ತದೆ ಎಂಬ ಪ್ರಶ್ನೆ. ನಮ್ಮ ತಲೆ ತಿಂದು ಮುಗಿಸಿದಳು. ಹನ್ನೆರಡನೆಯ ತರಗತಿಗೆ ಬರುವಷ್ಟರಲ್ಲಿ ಇದನ್ನೇ ಕಲಿಸುವ ಅಮೆರಿಕದ ವಿಶ್ವವಿದ್ಯಾಲಯವೊಂದನ್ನು ತಾನೇ ಹುಡುಕಿಟ್ಟಿದ್ದಳು. ಅರ್ಜಿ ಹಾಕಿದವರಲ್ಲಿ ಬೆರಳೆಣಿಕೆಯ ಮಂದಿಗಷ್ಟೇ ಅಲ್ಲಿ ಸೀಟು. ಆದರೆ ತೆಗೆದುಕೊಂಡರೆ ಖರ್ಚೆಲ್ಲ ಅವರದೇ. ನಮ್ಮಂಥವರಿಗೆ ಬೇರೆ ದಾರಿಯಿರಲಿಲ್ಲ. ಅವಳಿಗೂ ಬೇರೆ ಆಸೆ ಇರಲಿಲ್ಲ.

ಅದಕ್ಕಾಗಿ ಅಮೆರಿಕದ ಕಾಲೇಜುಗಳು ನೋಡುವ ಎಸ್‌ಎಟಿ ಪರೀಕ್ಷೆ ಬರೆದಳು. ಕೋಚಿಂಗ್ ಗೀಚಿಂಗ್ ಏನಿಲ್ಲ, ಫೋನಿನಲ್ಲೇ ಓದಿದ್ದು. ಅವಳ ಶಾಲೆಯಲ್ಲಿ ಅಷ್ಟು ಅಂಕ ಅದುವರೆಗೆ ಯಾರಿಗೂ ಬಂದಿರಲಿಲ್ಲವಂತೆ, ಪ್ರಾಂಶುಪಾಲರು ಎಲ್ಲರ ಮುಂದೆ ನಿಲ್ಲಿಸಿ ಹೇಳಿದ್ದರು. ಆದರೆ ಆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ, ಹಿಂದಿನ ವರ್ಷ ಸೀಟು ಸಿಕ್ಕವರ ಅಂಕ ಇಷ್ಟರಿಂದ ಇಷ್ಟು ಎಂದು ಹಾಕಿದ್ದರು. ಇವಳದು ಅದರ ಕೆಳಗಿನ ಗೆರೆಗಿಂತ ಒಂಚೂರು ಕಡಿಮೆ. ಅದೇ ಪುಟದಲ್ಲಿ ಇನ್ನೊಂದು ಮಾತೂ ಇತ್ತು: ಅಂಕ ಕಳಿಸುವುದು ಬಿಡುವುದು ನಿಮ್ಮ ಇಷ್ಟ. ಕೊರೊನಾ ಕಾಲದಲ್ಲಿ ಮಾಡಿದ ನಿಯಮವಂತೆ. ಕೆಲವು ಕಡೆ ಈಗ ಪುನಃ ಕಡ್ಡಾಯ ಮಾಡಿದ್ದಾರಂತೆ. ಆಗಲೂ ಕಡ್ಡಾಯ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ನಿಮ್ಮ ಇಷ್ಟ ಎಂದು ನಮ್ಮ ಜನಕ್ಕೆ ಯಾರಾದರೂ ಹೇಳುತ್ತಾರೆಯೇ?

ನಮ್ಮ ಇಷ್ಟವೆಂದರೆ ಅಣ್ಣನನ್ನು ಕೇಳುವುದು. ಶುಕ್ರವಾರ ಮಧ್ಯಾಹ್ನ ಬ್ನೇದ್ ಅಲ್ ಗಾರ್‌ನ ಅವರ ಮನೆಯಲ್ಲಿ ಕೋಳಿ ಸಾರು, ರೊಟ್ಟಿ ಉಣ್ಣುತ್ತಾ ಮಾತು ತೆಗೆದೆವು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಮಾರ್ಕು ಕೊಡ್ಲೇಬೇಕು ಅಂತ ಉಂಟಾ ಮಗಾ?” ಎಂದು ಅಣ್ಣ ಕೇಳಿದರು.

“ಇಲ್ಲ ಮಾವ, ಆಪ್ಷನಲ್. ಬೇಕಾದ್ರೆ ಕೊಡ್ಬಹುದು.”

“ಅವರು ಹಾಕಿದ್ದಕ್ಕಿಂತ ನಿಂದು ಕಮ್ಮಿ ಅಲ್ವಾ?”

“ಸ್ವಲ್ಪ ಕಮ್ಮಿ. ಆದ್ರೆ ನಮ್ಮ ಸ್ಕೂಲಲ್ಲಿ ನಂದೇ ಹೈಯೆಸ್ಟ್.”

“ನಿನ್ನ ಸ್ಕೂಲಿನ ಸುದ್ದಿ ಅಮೆರಿಕದವರಿಗೆ ಎಂತಕ್ಕೆ ಮಾರಾಯ್ತಿ? ಅವರು ಕೇಳ್ಲಿಲ್ಲ, ನಾವು ಕೊಡೋದು ಬೇಡ. ಖಲಾಸ್.”

“ಭಾವ ಹೇಳೋದು ಸರಿ,” ಎಂದರು ನಮ್ಮವರು. “ನಾವಾಗಿ ತೋರಿಸಿ ಯಾಕೆ ಕೆಡಿಸಿಕೊಳ್ಳೋದು?”

ಮಗಳು ನನ್ನ ಮುಖ ನೋಡಿದಳು. “ನನ್ನ ಕತೆ ಗೊತ್ತುಂಟಲ್ಲ ನಿಂಗೆ,” ಎಂದು ಲ್ಯಾಬಿನ ಪತ್ರದ ಪುರಾಣವನ್ನು ಇನ್ನೊಮ್ಮೆ ಬಿಚ್ಚಿದೆ. ಅವಳು ರೊಟ್ಟಿಯನ್ನು ಸಾರಿನಲ್ಲಿ ಅದ್ದುತ್ತಾ ಕೇಳಿಸಿಕೊಂಡು, “ಓಕೆ” ಎಂದಳು. ಅಂಕ ಕಳಿಸದೆ ಅರ್ಜಿ ಹೋಯಿತು. ಅಣ್ಣನಿಗೆ ಅವಳೆಂದರೆ ಪ್ರಾಣ. ಆ ದಿನ ಅವಳ ತಟ್ಟೆಗೆ ತಾವೇ ಇನ್ನೆರಡು ತುಂಡು ಕೋಳಿ ಹಾಕಿದರು.

ಮಾರ್ಚ್ ಕೊನೆಗೆ ಉತ್ತರ ಬಂತು. ಅವಳು ಫೋನು ನೋಡಿ, “ಆಗ್ಲಿಲ್ಲ ಅಮ್ಮ” ಎಂದು ಹೇಳಿ ಸ್ನಾನಕ್ಕೆ ಹೋದಳು. ನಾವೆಲ್ಲ ಸೇರಿ ಸಮಾಧಾನದ ಮಾತು ಆಡಿದ್ದೇ ಆಡಿದ್ದು. ಅಲ್ಲಿ ಸೀಟು ಸಿಗುವುದು ಯಾರಿಗೆ, ನೂರಕ್ಕೆ ನಾಲ್ಕು ಜನಕ್ಕೂ ಸಿಗುತ್ತದೋ ಇಲ್ಲವೋ, ಹಣೆಯಲ್ಲಿ ಬರೆದಿಲ್ಲ, ಬಿಡು. ವರ್ಷ ಹಾಳಾಗಬಾರದೆಂದು ಇಲ್ಲಿಯದೇ ಖಾಸಗಿ ಕಾಲೇಜಿನಲ್ಲಿ ಬಿಸಿನೆಸ್ ಓದಲು ಸೇರಿಸಿದೆವು. ಅವಳು ಬೇಡವೆನ್ನಲಿಲ್ಲ. ಚೆನ್ನಾಗಿಯೇ ಓದಿದಳು. ಆದರೆ ನೀರಿನ ಮಾತು ನಿಂತುಹೋಯಿತು. ಕಡಲತೀರದ ರಸ್ತೆಯಲ್ಲಿ ಕಾರು ಹೋಗುವಾಗ ಮೊದಲೆಲ್ಲ ಕಿಟಕಿ ಬಿಟ್ಟು ಏಳದವಳು ಈಗ ಫೋನಿನಲ್ಲಿ ಮುಖ ಹುದುಗಿಸಿ ಕೂರುತ್ತಿದ್ದಳು. ವಯಸ್ಸು ಎಂದುಕೊಂಡೆ ನಾನು. ತಾಯಂದಿರಿಗೆ ಅರ್ಥವಾಗದ್ದೆಲ್ಲ ವಯಸ್ಸೇ.

ಮರುವರ್ಷ ಅದೇ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನು ಕಾಣಲು ಇಲ್ಲಿಯ ಹೋಟೆಲೊಂದಕ್ಕೆ ಬಂದರು. “ಅಮ್ಮ, ನನ್ನ ಜೊತೆ ಬಾ. ಒಂದು ಪ್ರಶ್ನೆ ಕೇಳ್ಲಿಕ್ಕುಂಟು,” ಎಂದಳು. ಯಾಕಪ್ಪಾ ಆರಿದ ಗಾಯ ಕೆರೆಯುತ್ತಾಳೆ ಎಂದು ಸಿಟ್ಟು ಬಂದರೂ ಹೋದೆ.

ಮೇಜಿನ ಹಿಂದೆ ನಗುಮುಖದ ಒಬ್ಬ ಹೆಂಗಸು, ಪ್ರವೇಶ ವಿಭಾಗದವಳು. ಮಗಳು ತನ್ನ ವಿಷಯವೆಂದು ಹೇಳದೆ ಕೇಳಿದಳು: ಕುವೈತಿನ ಒಂದು ಇಂಡಿಯನ್ ಸ್ಕೂಲಿನ ಹುಡುಗಿ, ಆ ಶಾಲೆಗೆ ಅವಳದೇ ಅತಿ ಹೆಚ್ಚು ಅಂಕ, ಆದರೆ ನಿಮ್ಮ ಗೆರೆಗಿಂತ ಸ್ವಲ್ಪ ಕಡಿಮೆ, ಕಳಿಸಬೇಕೇ ಬೇಡವೇ?

ಆ ಹೆಂಗಸು ಒಂದು ಕ್ಷಣವೂ ಯೋಚಿಸಲಿಲ್ಲ. ಖಂಡಿತ ಕಳಿಸಬೇಕು ಎಂದಳು. ನಾವು ಒಬ್ಬೊಬ್ಬರನ್ನೂ ಅವರವರ ಶಾಲೆಯ ಜೊತೆ ಇಟ್ಟು ನೋಡುತ್ತೇವೆ. ದೂರದ ಶಾಲೆಗಳ ಪರಿಚಯ ನಮಗಿರುವುದಿಲ್ಲ, ಅಲ್ಲಿಯ ಪರೀಕ್ಷೆಯಲ್ಲಿ ಎಲ್ಲರಿಗೂ ತೊಂಬತ್ತರ ಮೇಲೆಯೇ ಬಂದಿರುತ್ತದೆ. ಯಾರು ಬೇರೆ ಎಂದು ನಮಗೆ ಹೇಳುವುದು ಆ ಒಂದು ಎಸ್‌ಎಟಿ ಅಂಕವೇ. ಎಷ್ಟೋ ಮಕ್ಕಳು ಅದನ್ನು ಕೊಡದೆ ಉಳಿಸಿಕೊಳ್ಳುತ್ತಾರೆ, ಬೇಸರವಾಗುತ್ತದೆ ಎಂದಳು.

“ಅವಳು ಈಗ ಪುನಃ ಅರ್ಜಿ ಹಾಕಬಹುದಾ?” ಎಂದು ನಡುವೆ ಬಾಯಿ ಹಾಕಿದೆ. ಬೇರೆ ಕಾಲೇಜಿಗೆ ಸೇರಿಯಾಗಿದೆಯೇ ಎಂದು ಕೇಳಿದಳು. ಹೌದೆಂದೆ. ಹಾಗಾದರೆ ಹೊಸಬರ ಸಾಲಿನಲ್ಲಿ ಬರುವುದಿಲ್ಲ, ಕಾಲೇಜು ಬದಲಾಯಿಸುವ ಪರದೇಶದವರಿಗೆ ನಾವು ಖರ್ಚು ಕೊಡುವುದಿಲ್ಲ, ಕ್ಷಮಿಸಿ ಎಂದಳು. ಮಗಳು ಥ್ಯಾಂಕ್ಯೂ ಹೇಳಿ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಕಾರಿನಲ್ಲಿ ಕೂತು ಕೀಲಿ ತಿರುಗಿಸಲಾಗಲಿಲ್ಲ ನನಗೆ. ಅಣ್ಣನ ಮೇಲೆ ಸಿಟ್ಟು ಬಂತು, ನಮ್ಮವರ ಮೇಲೆ ಬಂತು. ಆ ಕಿಟಕಿಯ ಆಚೆಯವನ ಮೇಲೂ ಇಷ್ಟು ವರ್ಷದ ಮೇಲೆ ಬಂತು. ಎಲ್ಲ ನಮ್ಮಿಂದಲೇ ಆಯಿತು ಮಗಾ ಎಂದು ಅತ್ತೆ.

“ಮಾವನಿಗೆ ಹೇಳ್ಬೇಡ ಅಮ್ಮ,” ಎಂದಳು. “ಪಾಪ, ಅವರಿಗೆ ಊಟ ಸೇರ್ಲಿಕ್ಕಿಲ್ಲ.”

“ಅವರದ್ದು ಇರ್ಲಿ. ನಿಂಗೆ ಬೇಜಾರಿಲ್ವಾ?”

ಅವಳು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು. “ಸೀಟು ಹೋದದ್ದಕ್ಕೆ ಬೇಜಾರುಂಟು,” ಎಂದಳು. “ಆದ್ರೆ ಅವತ್ತು ನೀವು ಎಲ್ಲರೂ ಸೇರಿ ಅದನ್ನ ತೋರಿಸೋದು ಬೇಡ ಅಂದ್ರಿ ಅಲ್ವಾ. ಅದು ನಾಚಿಕೆಯ ಮಾರ್ಕು ಅಂತ ಇವತ್ತಿನವರೆಗೆ ಅಂದುಕೊಂಡಿದ್ದೆ ಅಮ್ಮ.”